ಆರು ಮಂದಿಯ ಪೋಕರ್ ಮೇಜು: ಅಬ್ಬರದ ಎದುರಾಳಿಯನ್ನು ನಿಭಾಯಿಸುವುದು ಹೇಗೆ?

ಟೆಕ್ಸಾಸ್ ಹೋಲ್ಡೆಮ್ ಎಂಬ ಪೋಕರ್ ಬಗೆಯಲ್ಲಿ ಒಬ್ಬೊಬ್ಬರ ಕೈಗೆ ಎರಡು ಎಲೆ, ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಒಂಬತ್ತು ಮಂದಿ ಕೂತ ಮೇಜಿನಲ್ಲಿ ಒಳ್ಳೆಯ ಎಲೆಗಳಿಗಾಗಿ ಕಾದು ಕೂರಬಹುದು. ಆರೇ ಮಂದಿ ಇದ್ದಾಗ ಎರಡೂ ಬ್ಲೈಂಡ್‌ಗಳನ್ನು (ಎಲೆ ನೋಡುವ ಮುಂಚೆಯೇ ಕಟ್ಟಲೇಬೇಕಾದ ಸಣ್ಣ, ದೊಡ್ಡ ಪಣ) ಆರು ಆಟಗಳಿಗೊಮ್ಮೆ ಕಟ್ಟಬೇಕಾಗುವುದರಿಂದ ಕಾಯುವುದೇ ದುಬಾರಿಯಾಗುತ್ತದೆ. ಎಕ್ಕದ ಜೋಡಿ ಕೈಗೆ ಬರುವುದು ಸರಾಸರಿ 221 ಆಟಗಳಿಗೊಮ್ಮೆ. ಜೋಡಿಯಲ್ಲದ ಎರಡು ಎಲೆಗಳಿಗೆ ಫ್ಲಾಪ್‌ನಲ್ಲಿ (ನಡುವೆ ಮೊದಲು ತೆರೆಯುವ ಮೂರು ಎಲೆ) ಸುಮಾರು ಮೂರರಲ್ಲಿ ಎರಡು ಸಲ ಜೋಡಿಯೂ ಕೂಡುವುದಿಲ್ಲ. ಮಾತೆತ್ತಿದರೆ ರೈಸ್ ಮಾಡುವ, ಅಂದರೆ ಪಣ ಏರಿಸುವ, ಎದುರಾಳಿ ನೆಚ್ಚಿಕೊಂಡಿರುವುದು ಈ ಲೆಕ್ಕವನ್ನೇ.

ಮೊದಲು ಆಸನ ನೋಡಿಕೊಳ್ಳಿ. ಆತ ನಿಮ್ಮ ಬಲಗಡೆ ಕೂತಿದ್ದರೆ ಹೆಚ್ಚಿನ ಆಟಗಳಲ್ಲಿ ನಿಮಗಿಂತ ಮೊದಲೇ ನಿರ್ಧಾರ ಹೇಳಬೇಕಾಗುತ್ತದೆ. ಬಳಿಕ ಒಂದೆರಡು ಸುತ್ತು ಸುಮ್ಮನೆ ಗಮನಿಸಿ: ಫ್ಲಾಪ್‌ನಲ್ಲಿ ಅಬ್ಬರಿಸಿ ಟರ್ನ್‌ನಲ್ಲಿ (ನಾಲ್ಕನೆಯ ಎಲೆ) ತಣ್ಣಗಾಗುವವನೇ, ರಿವರ್‌ವರೆಗೂ (ಐದನೆಯ, ಕೊನೆಯ ಎಲೆ) ಬಿಡದೆ ಕಟ್ಟುವವನೇ? ಮೊದಲನೆಯವನಿಗೆ ಒಂದು ಕಾಲ್ (ಆತ ಕಟ್ಟಿದಷ್ಟನ್ನೇ ನೀವೂ ಕಟ್ಟುವುದು) ಸಾಕು.

ಫ್ಲಾಪ್‌ಗೆ ಮುಂಚೆ ಮರುರೈಸ್ ಮಾಡಲು ದೊಡ್ಡ ಜೋಡಿಗಳ ಜೊತೆಗೆ, ಒಂದೇ ಜಾತಿಯ (ಎರಡೂ ಆಠೀನು ಎಂಬಂತೆ) ಎಕ್ಕ-ಐದರಂಥ ಕೈಗಳನ್ನೂ ಆಗಾಗ ಬಳಸಿ. ಒಂದು ಎಕ್ಕ ನಿಮ್ಮಲ್ಲಿದ್ದರೆ ಎದುರಾಳಿಯ ಬಳಿ ಎಕ್ಕದ ಜೋಡಿ ಇರಬಹುದಾದ ಆರು ಬಗೆಗಳು ಮೂರಕ್ಕೆ ಇಳಿಯುತ್ತವೆ.

ನಿಜವಾದ ಪರೀಕ್ಷೆ ಮಧ್ಯಮ ಕೈಯದು. ಬ್ಲೈಂಡ್‌ಗಳು 50 ಮತ್ತು 100 ಚಿಪ್. ಬಟನ್‌ನಿಂದ (ಫ್ಲಾಪ್‌ನಿಂದಾಚೆ ಎಲ್ಲರಿಗಿಂತ ಕೊನೆಗೆ ಆಡುವ ಆಸನ) ಆತ 250 ಕಟ್ಟುತ್ತಾನೆ. ಸಣ್ಣ ಬ್ಲೈಂಡ್‌ನವರು ಎಲೆ ಕೆಳಗಿಡುತ್ತಾರೆ. ದೊಡ್ಡ ಬ್ಲೈಂಡ್‌ನಲ್ಲಿರುವ ನೀವು ಕಳಾವರದ ರಾಜ, ಡೈಮನ್ ರಾಣಿ ಹಿಡಿದು ಕಾಲ್ ಮಾಡುತ್ತೀರಿ. ಪಾಟ್, ಅಂದರೆ ನಡುವೆ ಕೂಡಿದ ಪಣ, 550. ಫ್ಲಾಪ್‌ನಲ್ಲಿ ಇಸ್ಪೀಟಿನ ರಾಜ, ಆಠೀನಿನ ಎಂಟು ಮತ್ತು ಮೂರು. ಆತ 300 ಕಟ್ಟಿದರೆ ಕಾಲ್ ಮಾಡಿ. ಟರ್ನ್‌ನಲ್ಲಿ ಡೈಮನ್ ಐದು ಬಿದ್ದು ಆತ 800 ಕಟ್ಟಿದರೂ ಅಷ್ಟೇ. ಇಲ್ಲಿ ರೈಸ್ ಮಾಡುವ ಚಪಲ ಬಹಳ ಮಂದಿಯನ್ನು ಕೆಡಿಸಿದೆ: ರೈಸ್ ಮಾಡಿದರೆ ಬರಿಗೈಯವನು ಓಡಿಹೋಗುತ್ತಾನೆ, ನಿಮ್ಮನ್ನು ಸೋಲಿಸುವ ಕೈಯವನು ಉಳಿಯುತ್ತಾನೆ.

ರಿವರ್‌ನಲ್ಲಿ ಕಳಾವರದ ಗುಲಾಮ. ಪಾಟ್ 2,750 ಇದೆ, ಆತ 2,000 ಕಟ್ಟಿದ್ದಾನೆ. ಕಾಲ್ ಮಾಡಿ ಗೆದ್ದರೆ 4,750 ಲಾಭ, ಸೋತರೆ 2,000 ನಷ್ಟ. ಇಂಥ ಹತ್ತು ಸಂದರ್ಭಗಳಲ್ಲಿ ಮೂರರಲ್ಲಿ ಮಾತ್ರ ಆತ ಬ್ಲಫ್ ಮಾಡುತ್ತಿದ್ದರೂ (ದುರ್ಬಲ ಕೈ ಹಿಡಿದು ಬೆದರಿಸುತ್ತಿದ್ದರೂ) ಗಳಿಕೆ 14,250, ನಷ್ಟ 14,000. ಅಂದರೆ ಏಳು ಸಲ ಸೋತೂ ನೀವು ತುಸು ಮುಂದಿರುತ್ತೀರಿ. ಸೋತ ಏಳು ಸಲ ಮುಖ ಕೆಂಪಾಗದೆ ಕೂರುವುದು ಮಾತ್ರ ಲೆಕ್ಕಕ್ಕಿಂತ ಕಷ್ಟ.

ಈ ಎಲೆಗಳಲ್ಲಿ ಆಠೀನಿನ ಫ್ಲಶ್ (ಒಂದೇ ಜಾತಿಯ ಐದು ಎಲೆ) ಕೂಡದೆ ಹೋಗಿರುವುದನ್ನೂ ಗಮನಿಸಿ. ಅದಕ್ಕಾಗಿ ಕಾದಿದ್ದವನಿಗೆ ಈಗ ಬ್ಲಫ್ ಬಿಟ್ಟರೆ ಗೆಲ್ಲುವ ದಾರಿಯಿಲ್ಲ. ನಿಮ್ಮ ಕೈಯಲ್ಲಿರುವ ರಾಣಿ ಆಠೀನಿನದಾಗಿದ್ದರೆ ಅಂಥ ಕೈಗಳು ಆತನ ಬಳಿ ಇರುವ ಸಂಭವ ಕಡಿಮೆಯಾಗಿ, ಇದೇ ಕಾಲ್ ಅಷ್ಟರಮಟ್ಟಿಗೆ ದುರ್ಬಲವಾಗುತ್ತದೆ.