ಮಾಡೋಕೆ, ಮಾಡೋದು, ಮಾಡಿಸೋದು: ‘ಟು’ ಎಲ್ಲಿ ಹಾಕಬೇಕು?

ಐದನೇ ಕ್ಲಾಸಿನಲ್ಲಿ ಎಬಿಸಿಡಿ ಶುರು ಮಾಡಿದವನು ನಾನು. ಹಾವೇರಿ ಕಡೆಯ ಕನ್ನಡ ಮೀಡಿಯಂ. ಮೊದಲ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದಾಗ ಒಂದು ಆಫೀಸಿನ ರಿಸೆಪ್ಷನ್‌ನಲ್ಲಿ ‘ಐ ಕೇಮ್ ಫಾರ್ ಗಿವಿಂಗ್ ಇಂಟರ್ವ್ಯೂ’ ಅಂದೆ. ಆಕೆ ನಗಲಿಲ್ಲ, ಪಾಪ. ಪಕ್ಕದಲ್ಲಿ ಕೂತಿದ್ದ ಹುಡುಗ ನಕ್ಕ. ಅದರಲ್ಲಿ ಎರಡು ದೊಡ್ಡ ತಪ್ಪು ಇದ್ದವು ಅಂತ ತಿಳಿಯೋಕೆ ನನಗೆ ಎರಡು ವರ್ಷ ಬೇಕಾಯಿತು.

ಮೊದಲನೆಯದು ‘ಫಾರ್’. ನಮ್ಮ ಕಡೆ ‘ಮಾಡಾಕ’ ಅನ್ನುತ್ತೇವೆ, ಮೈಸೂರು ಕಡೆ ‘ಮಾಡೋಕೆ’, ಪುಸ್ತಕದಲ್ಲಿ ‘ಮಾಡುವುದಕ್ಕೆ’. ಆ ಕೊನೆಯ ‘ಕ್ಕೆ’ ಇದೆಯಲ್ಲ, ಅದೇ ನಮ್ಮನ್ನು ‘ಫಾರ್’ ಕಡೆ ಎಳೆಯುತ್ತದೆ. ಯಾಕೆ ಹೋದೆ ಅಂತ ಹೇಳುವಾಗ ಕೆಲಸ ಬಂದರೆ ‘ಟು’ ಹಾಕಿ, ವಸ್ತು ಬಂದರೆ ‘ಫಾರ್’ ಹಾಕಿ. ‘ಐ ವೆಂಟ್ ಟು ದ ಬ್ಯಾಂಕ್ ಟು ಓಪನ್ ಆನ್ ಅಕೌಂಟ್.’ ಸಾಲಕ್ಕೆ ಹೋಗಿದ್ದರೆ ‘ಫಾರ್ ಎ ಲೋನ್’.

ಎರಡನೆಯದು ‘ಗಿವ್’. ಇಂಟರ್ವ್ಯೂ ‘ಕೊಡೋದು’ ನಮ್ಮ ಮಾತು. ಇಂಗ್ಲಿಷ್‌ನಲ್ಲಿ ಪತ್ರಿಕೆಯವರಿಗೆ ಇಂಟರ್ವ್ಯೂ ಕೊಡುವವರು ಮಂತ್ರಿಗಳು, ಸಿನಿಮಾದವರು. ನಾನು ಸುಮ್ನೆ ‘ಐ ಆಮ್ ಹಿಯರ್ ಫಾರ್ ಆನ್ ಇಂಟರ್ವ್ಯೂ’ ಅಂದಿದ್ದರೆ ಸಾಕಿತ್ತು.

ಹಾಗಂತ ಕನ್ನಡ ಬರೀ ಅಡ್ಡಗಾಲು ಅಲ್ಲ. ಒಮ್ಮೆ ಡಾಕ್ಟರ್ ಹತ್ತಿರ ‘ಮೈ ಫಾದರ್ ಸ್ಟಾಪ್ಡ್ ಟು ಸ್ಮೋಕ್’ ಅಂದೆ. ಅಪ್ಪ ಬೀಡಿ ಬಿಟ್ಟು ಆರು ತಿಂಗಳಾಗಿತ್ತು. ನಾನು ಹೇಳಿದ್ದು ಮಾತ್ರ ‘ಬೀಡಿ ಸೇದೋಕೆ ನಿಂತರು’ ಅಂತ! ಬೇಕಿದ್ದದ್ದು ‘ಸೇದೋದು ನಿಲ್ಲಿಸಿದರು’, ಅಂದರೆ ‘ಸ್ಟಾಪ್ಡ್ ಸ್ಮೋಕಿಂಗ್’. ನೋಡಿ, ಪದದ ಕೊನೆಗೆ ‘ಸೇದೋಕೆ’ ಥರ ‘-ಓಕೆ’ ಬಂದಲ್ಲಿ ‘ಟು’, ‘ಸೇದೋದು’ ಥರ ‘-ಓದು’ ಬಂದಲ್ಲಿ ‘ಇಂಗ್’. ‘ಓದೋದು ಮುಗಿಸಿದೆ’ ಅನ್ನೋಕೆ ‘ಫಿನಿಶ್ಡ್ ರೀಡಿಂಗ್’. ಮಾತಾಡುವ ಮೊದಲು ಮನಸ್ಸಿನಲ್ಲಿ ಕನ್ನಡ ವಾಕ್ಯ ಒಮ್ಮೆ ಹೇಳಿಕೊಳ್ಳಿ, ಅರ್ಧ ಕೆಲಸ ಆಗುತ್ತದೆ. ಎಲ್ಲ ಕಡೆ ನಡೆಯೋಲ್ಲ. ‘ಹೋಗೋಕೆ ಸಲಹೆ ಕೊಟ್ಟರು’ ಅನ್ನುತ್ತೇವೆ, ಆದರೆ ‘ಸಜೆಸ್ಟೆಡ್ ಟು ಗೋ’ ತಪ್ಪು, ‘ಸಜೆಸ್ಟೆಡ್ ಗೋಯಿಂಗ್’ ಸರಿ. ಇಂಥವನ್ನು ಬಾಯಿಪಾಠ ಮಾಡಲೇಬೇಕು.

ಇನ್ನು ಮಾಡಿಸೋದು. ‘ಕಾಯಿಸಿದರು’, ‘ನಗಿಸಿದರು’ ಅನ್ನುವ ಜಾಗದಲ್ಲಿ ‘ಮೇಕ್’ ಬರುತ್ತದೆ. ಅಲ್ಲಿ ‘ಟು’ ಬೇಡ. ‘ದೇ ಮೇಡ್ ಮಿ ವೇಯ್ಟ್.’ ‘ಲೆಟ್’ ಕೂಡ ಹಾಗೆ, ‘ಲೆಟ್ ಮಿ ಗೋ’. ಆದರೆ ‘ಅಲೌ’ ಬಂದರೆ ‘ಅಲೌ ಮಿ ಟು ಗೋ’. ‘ನನ್ನನ್ನು ಕಾಯಿಸಲಾಯಿತು’ ಅಂತ ತಿರುಗಿಸಿದರೆ ‘ಮೇಕ್’ ಹಿಂದೆಯೂ ‘ಟು’ ವಾಪಸ್ ಬರುತ್ತದೆ: ‘ಐ ವಾಸ್ ಮೇಡ್ ಟು ವೇಯ್ಟ್’. ಯಾಕೆ ಅಂತ ಕೇಳಬೇಡಿ.

‘ಅವನು ಬರಬೇಕು ಅಂತ ನನಗೆ ಆಸೆ’ ಅನ್ನೋದನ್ನು ‘ಐ ವಾಂಟ್ ದಟ್ ಹೀ ಶುಡ್ ಕಮ್’ ಅನ್ನಬೇಡಿ. ‘ಐ ವಾಂಟ್ ಹಿಮ್ ಟು ಕಮ್.’ ‘ಈಜೋಕೆ ಬರುತ್ತೆ’ ಅನ್ನೋಕೆ ‘ಐ ನೋ ಸ್ವಿಮ್ಮಿಂಗ್’ ಬೇಡ, ‘ಐ ಕ್ಯಾನ್ ಸ್ವಿಮ್’ ಅನ್ನಿ. ‘ಕ್ಯಾನ್ ಏಬಲ್ ಟು’ ಅಂತ ಎರಡನ್ನೂ ಒಟ್ಟಿಗೆ ಹಾಕುವವರು ನಮ್ಮಲ್ಲಿ ಜಾಸ್ತಿ. ಒಂದು ಸಾಕು.

ನಿಜವಾದ ಗೋಳು ‘ಹಾಕು’ವಿನದು. ಬಾಗಿಲು ಹಾಕಿದರೆ ‘ಶಟ್’, ಬೀಗ ಹಾಕಿದರೆ ‘ಲಾಕ್’. ಶೂ ಹಾಕಿಕೊಂಡರೆ ‘ಪುಟ್ ಆನ್’. ಕೆಲಸಕ್ಕೆ ಅರ್ಜಿ ಹಾಕಿದರೆ ‘ಅಪ್ಲೈ’. ಗಿಡಕ್ಕೆ ನೀರು ಹಾಕಿದರೆ ‘ವಾಟರ್ ದ ಪ್ಲಾಂಟ್’, ಅಲ್ಲಿ ನೀರೇ ಕ್ರಿಯಾಪದ! ನಮಗೆ ಒಂದೇ ‘ಹಾಕು’, ಅವರಿಗೆ ಐದು. ‘ಕೇಳು’ ಕೂಡ ಹೀಗೇ ಮೋಸ ಮಾಡುತ್ತದೆ. ಪ್ರಶ್ನೆ ಕೇಳಿದರೆ ‘ಆಸ್ಕ್’, ಹಾಡು ಕೇಳಿದರೆ ‘ಲಿಸನ್ ಟು’, ಸದ್ದು ಕಿವಿಗೆ ಬಿದ್ದರೆ ‘ಹಿಯರ್’. ಕನಸು ನಾವು ಕಾಣುತ್ತೇವೆ, ಇಂಗ್ಲಿಷ್‌ನವರು ‘ಹ್ಯಾವ್’ ಮಾಡುತ್ತಾರೆ.

ಅದಕ್ಕೇ ಬಿಡಿ ಕ್ರಿಯಾಪದ ಕಲಿಯಬೇಡಿ, ಅದರ ಜೊತೆ ಬರುವ ಪದವನ್ನೂ ಸೇರಿಸಿ ಜೋಡಿ ಕಲಿಯಿರಿ. ನನ್ನ ಹತ್ತಿರ ನೂರು ಪುಟದ ನೋಟ್‌ಬುಕ್ ಇದೆ. ಎಡಗಡೆ ನನ್ನ ಬಾಯಿಂದ ಬಂದದ್ದು, ಬಲಗಡೆ ಸರಿಯಾದದ್ದು, ದಿನಕ್ಕೆ ಎರಡು ಸಾಲು. ಮೊನ್ನೆ ಎಡಗಡೆ ಬರೆದದ್ದು ‘ಪುಟ್ ದ ಫ್ಯಾನ್’, ಬಲಗಡೆ ‘ಟರ್ನ್ ಆನ್ ದ ಫ್ಯಾನ್’. ಆದರೆ ಅದು ನನ್ನದಲ್ಲ, ಮಗಳದು. ಅವಳು ಇಂಗ್ಲಿಷ್ ಮೀಡಿಯಂ.