‘ಬೇಡ’ ಅಂದ ಮೇಲೂ ಕಥೆ ನಡೆಯಬೇಕು: ಮಂಡಿಯೊಳಗಿನ ಒಂದು ಕಥೆ-ಆಟ ಕಟ್ಟಿದ ಬಗೆ

ಆಡುವವರ ಆಯ್ಕೆಗೆ ತಕ್ಕಂತೆ ಕವಲೊಡೆಯುವ ಕಥೆ ಕಟ್ಟುವ ಸಾಫ್ಟ್‌ವೇರ್ ಟ್ವೈನ್‌ನಲ್ಲಿ ನಾನು ಕಟ್ಟಿರುವ ಕಥೆ-ಆಟ ದಾವಣಗೆರೆ ಎಪಿಎಂಸಿಯ ಒಂದು ದಲ್ಲಾಲಿ ಮಂಡಿಯಲ್ಲಿ ನಡೆಯುತ್ತದೆ. ಆಡುವವರು ಶೋಭಾ ಆಗಿರುತ್ತಾರೆ, ಅಂದರೆ ಮಂಡಿಯಲ್ಲಿ ಲೆಕ್ಕ ಬರೆಯುವ ಹುಡುಗಿ. ಅವಳ ಅಪ್ಪ ಮೆಕ್ಕೆಜೋಳದ ಬೀಜ-ಗೊಬ್ಬರಕ್ಕೆ ಅದೇ ಮಂಡಿಯಲ್ಲಿ ಮುಂಗಡ ತಂದಿದ್ದಾನೆ. ಬೆಳೆ ಬಂದರೆ ಅಲ್ಲಿಗೇ ಹಾಕಬೇಕು, ಪಟ್ಟಿಯಲ್ಲಿ, ಅಂದರೆ ಮಾರಾಟದ ಲೆಕ್ಕದ ಚೀಟಿಯಲ್ಲಿ, ಮುಂಗಡ ಮುರಿದುಕೊಂಡು ಉಳಿದದ್ದು ಕೈಗೆ. ಸಾವುಕಾರರ ಮಗ ಕಿರಣನಿಗೆ ಶೋಭಾ ಮೇಲೆ ಮನಸ್ಸು. ಅವನನ್ನು ದುಷ್ಟನನ್ನಾಗಿ ಬರೆದರೆ ಕೆಲಸ ಕೆಡುತ್ತದೆ: ಎಲ್ಲರೂ ‘ಬೇಡ’ ಒತ್ತುತ್ತಾರೆ, ಅಲ್ಲಿಗೆ ಮುಗಿಯಿತು. ಒಳ್ಳೆಯ ಹುಡುಗನೇ ಕೇಳಿದಾಗಲೂ ಅವಳ ‘ಹೂಂ’ನಲ್ಲಿ ಮನಸ್ಸೆಷ್ಟು, ಮುಂಗಡವೆಷ್ಟು ಎನ್ನುವುದೇ ಈ ಆಟದ ಹೂರಣ.

ಒಲವನ್ನು ಅಳೆಯುವ ಒಂದೇ ಅಂಕಿ ಇಟ್ಟುಕೊಂಡು ಇದನ್ನು ಹೇಳಲಾಗದು. 2016ರ ಸ್ಟಾರ್‌ಡ್ಯೂ ವ್ಯಾಲಿ ಎಂಬ ಬೇಸಾಯದ ವಿಡಿಯೋ ಆಟದಲ್ಲಿ ಊರವರ ಸ್ನೇಹವನ್ನು ಹೃದಯಗಳಲ್ಲಿ ಅಳೆಯುತ್ತಾರೆ, ಒಂದು ಹೃದಯ ಅಂದರೆ 250 ಅಂಕ. ಒಬ್ಬರಿಗೆ ವಾರಕ್ಕೆ ಎರಡು ಉಡುಗೊರೆ ಕೊಡಬಹುದು, ತುಂಬಾ ಇಷ್ಟದ್ದಾದರೆ 80 ಅಂಕ ಸಿಗುತ್ತದೆ. ಅಲ್ಲಿ ಉಡುಗೊರೆ ಪಡೆಯುವವರ ಅನ್ನ ಕೊಡುವವರ ಕೈಯಲ್ಲಿಲ್ಲ, ಹಾಗಾಗಿ ಆ ಲೆಕ್ಕ ಒಪ್ಪುತ್ತದೆ. ಸಂಬಳ ಕೊಡುವ ಕೈಯೇ ಮೊಬೈಲನ್ನೂ ಕೊಟ್ಟಾಗ ಒಲವಿನ ಜೊತೆ ಇನ್ನೊಂದು ಅಂಕಿಯೂ ಏರಲೇಬೇಕು.

ಅದನ್ನು ‘ಹಂಗು’ ಎಂದು ಕರೆದಿದ್ದೇನೆ. ಎರಡೂ 0ಯಿಂದ 10ರವರೆಗೆ. ಹಂಗನ್ನು ನಾಲ್ಕು ತುಂಡು ಕೂಡಿಸಿ ಲೆಕ್ಕ ಹಾಕುತ್ತೇನೆ: ಅಪ್ಪನ ಮುಂಗಡ 4, ಅವಳ ಸಂಬಳ 3, ಉಡುಗೊರೆ ಹೆಚ್ಚೆಂದರೆ 2, ಇಬ್ಬರ ನಡುವಿನ ಗುಟ್ಟು 1. ಆಟ ಶುರುವಾಗುವಾಗ 7. ಕಿರಣ ಎಷ್ಟೇ ಸಿಹಿಯಾಗಿ ಮಾತಾಡಲಿ, ಹಂಗು ಒಂದಂಕಿಯೂ ಇಳಿಯುವುದಿಲ್ಲ. ಪಟ್ಟಿಯಲ್ಲಿ ಸಾಲ ಚುಕ್ತಾ ಆದರೆ 4 ಹೋಗುತ್ತದೆ. ಹರಿಹರದಲ್ಲಿ ಬೇರೆ ಕೆಲಸದ ಮಾತು ಬಂದರೆ ಸಂಬಳದ 3 ಇದ್ದದ್ದು 1 ಆಗುತ್ತದೆ. ಒಲವು, ಹಂಗು ಎರಡನ್ನು ಬೆರೆಸಬಾರದು. ‘ಒಲವು 8 ದಾಟಿದರೆ ಹಂಗು ಇಳಿಸು’ ಎಂದು ಒಂದೇ ಒಂದು ಕಡೆ ಬರೆದರೂ ಸಾಕು, ಪ್ರೀತಿಸಿದರೆ ಸಾಲ ತೀರುತ್ತದೆ ಎಂದು ಆಟವೇ ಹೇಳಿಕೊಟ್ಟಂತೆ.

ಟ್ವೈನ್‌ನಲ್ಲಿ ಆಟ ಹೇಗೆ ಓಡಬೇಕೆಂದು ನಿರ್ಧರಿಸುವ ‘ಕಥಾ ಸ್ವರೂಪ’ಗಳಿವೆ, ನಾನು ಬಳಸಿದ್ದು ಶುಗರ್‌ಕ್ಯೂಬ್. ಪ್ಯಾಸೇಜಿನ (ಕಥೆಯ ಒಂದೊಂದು ತುಣುಕಿನ) ಹೆಸರು ಕನ್ನಡದಲ್ಲಿರಬಹುದು, ಒಲವು, ಹಂಗಿನಂಥ ಅಂಕಿಗಳನ್ನು ನೆನಪಿಡುವ ವೇರಿಯಬಲ್ ಹೆಸರು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು. ಒಲವು 10 ದಾಟದಂತೆ ‘ಮ್ಯಾತ್ ಕ್ಲ್ಯಾಂಪ್’ ಹಾಕಿ. ಅಕ್ಷರ ಒಂದೊಂದಾಗಿ ಮೂಡುವ ‘ಟೈಪ್’ ಮ್ಯಾಕ್ರೋ (ಸಿದ್ಧ ಆದೇಶ) ಕನ್ನಡಕ್ಕೆ ಬೇಡ; ಕಾಗುಣಿತ, ಒತ್ತು ತಡವಾಗಿ ಬಂದು ಅಕ್ಷರ ಕಣ್ಣೆದುರೇ ಆಕಾರ ಬದಲಿಸುತ್ತದೆ.

ಇನ್ನು ಆಯ್ಕೆಗಳು. ಕಿರಣ ಕೇಳುವ ಒಂದು ಜಾಗ ಹೀಗಿದೆ:

“ಸಂಜಿಗೆ ಕೊಂಡಜ್ಜಿ ಕೆರೆ ಕಡೆ ಹೋಗಿ ಬರೋಣೇನು?”

ಕೆಳಗೆ ಮೂರು ಸಾಲು: “ಹೂಂ, ಬರ್ತೀನಿ”, “ಇವತ್ತು ಬೇಡ, ತೂಕದ ಚೀಟಿ ಬರೆಯೋದೈತಿ”, “ಬೇಡ. ನಾಳೆನೂ ಬೇಡ.” ಮೂರನೆಯದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ: ‘ಅಪ್ಪನ ಪಟ್ಟಿ ಇನ್ನೂ ಸಾವುಕಾರರ ಮೇಜಿನ ಮೇಲಿದೆ’. ಹಂಗು 5ಕ್ಕಿಂತ ಹೆಚ್ಚಿದ್ದಾಗ ಮಾತ್ರ ಈ ಸಾಲು ಕಾಣುತ್ತದೆ. ಖಿನ್ನತೆಯ ಬಗೆಗಿನ 2013ರ ಆಟ ಡಿಪ್ರೆಶನ್ ಕ್ವೆಸ್ಟ್, ಅದೂ ಟ್ವೈನ್‌ನದೇ, ಕೆಲವು ಆಯ್ಕೆಗಳನ್ನು ಅಡ್ಡಗೆರೆ ಎಳೆದು ತೋರಿಸಿ ಒತ್ತಲು ಬಿಡುವುದಿಲ್ಲ. ಆ ವಿಷಯಕ್ಕೆ ಅದು ಸರಿ. ನನ್ನದರಲ್ಲಿ ಯಾವ ಬಾಗಿಲಿಗೂ ಬೀಗವಿಲ್ಲ. ಶೋಭಾಳ ಬಾಯಿಗೆ ‘ಬೇಡ’ ಬರುತ್ತದೆ. ಅದಕ್ಕೆ ತೆರಬೇಕಾದದ್ದೇನು ಎಂಬುದು ಒತ್ತುವ ಮೊದಲೇ ಆಡುವವರ ಕಣ್ಣಿಗೆ ಬೀಳಬೇಕು.

‘ಬೇಡ’ ಎಂದರೆ ಒಲವು ತಾನಾಗಿ ಇಳಿಯಬಾರದು. ಒಲವು ಶೋಭಾಳದ್ದು, ನಿರಾಕರಿಸಿದವಳೂ ಅವಳೇ. ಇಳಿಸಲು ಕಾರಣವೇ ಇಲ್ಲ. ಕಿರಣ ಹೇಗೆ ನಡೆದುಕೊಳ್ಳುತ್ತಾನೆ ಎಂಬುದಕ್ಕೆ ಬೇರೆ ವೇರಿಯಬಲ್ ಇದೆ. ಅದಕ್ಕಿಂತ ಹೆಚ್ಚಾಗಿ, ‘ಬೇಡ’ದ ಕವಲು ‘ಹೂಂ’ ಕವಲಿನಷ್ಟೇ ಉದ್ದವಿರಬೇಕು. ನಾನು ಪದ ಎಣಿಸಿಯೇ ನೋಡುತ್ತೇನೆ. ಒಪ್ಪಿದರೆ ಕೆರೆ, ಏರಿ ಮೇಲಿನ ಗಾಳಿ, ಬೆಣ್ಣೆದೋಸೆ ಎಲ್ಲ ಸಿಕ್ಕಿ, ನಿರಾಕರಿಸಿದರೆ ‘ಶೋಭಾ ಮನೆಗೆ ಹೋದಳು’ ಎಂಬ ಒಂದೇ ಸಾಲಾದರೆ, ಆಟ ಯಾವ ಉತ್ತರ ಬಯಸುತ್ತಿದೆ ಎಂದು ಆಡುವವರಿಗೆ ಥಟ್ಟನೆ ಗೊತ್ತಾಗುತ್ತದೆ. ಆಮೇಲೆ ಅವರು ಬರಹಗಾರರ ಮನಸ್ಸು ಓದುತ್ತಾರೆ, ಶೋಭಾಳದ್ದಲ್ಲ. ನನ್ನಲ್ಲಿ ನಿರಾಕರಿಸಿದ ಸಂಜೆ ಅವಳು ಹಮಾಲರ ಜೊತೆ ಚಹಾ ಕುಡಿಯುತ್ತಾಳೆ, ಬೇರೆ ರೈತರ ಪಟ್ಟಿಯಲ್ಲಿ ತೂಕಕ್ಕೆ ಎಷ್ಟು ಮುರಿದಿದ್ದಾರೆಂದು ತಿಳಿಯುತ್ತಾಳೆ. ಅಪ್ಪನ ಸಾಲ ಬೇಗ ತೀರಿಸುವ ದಾರಿಗೆ ಆ ಮಾಹಿತಿ ಬೇಕೇ ಬೇಕು.

ಹೀಗೆ ನಾಲ್ಕು ಕಡೆ ಮೂರು ಮೂರು ಉತ್ತರ ಇಟ್ಟರೆ ದಾರಿಗಳು 81 ಆಗುತ್ತವೆ, ಒಬ್ಬರೇ ಬರೆದು ಮುಗಿಸುವುದಲ್ಲ. ಆದ್ದರಿಂದ ಪ್ರತಿ ಅಧ್ಯಾಯದ ಕೊನೆಗೆ ಎಲ್ಲ ಕವಲೂ ಬೆಳಗಿನ ಹರಾಜಿನ ಹೊತ್ತಿಗೆ ಕೂಡುತ್ತವೆ. ಹಿಂದಿನ ಉತ್ತರದ ನೆನಪು ಅಲ್ಲಿಯ ಒಂದೆರಡು ಸಾಲಿನಲ್ಲಿ ಕಾಣಬೇಕು, ಇಲ್ಲದಿದ್ದರೆ ಆಯ್ಕೆಗೆ ಬೆಲೆಯೇ ಇಲ್ಲದಂತಾಗುತ್ತದೆ.

ನಮ್ಮ ಭಾಷೆಯಲ್ಲಿ ‘ನೀನು’, ‘ನೀವು’ ಬೇರೆ ಇರುವುದು ಇಂಥ ಆಟಕ್ಕೆ ದೊಡ್ಡ ಅನುಕೂಲ. ಕಿರಣ ಮೊದಲ ದಿನದಿಂದಲೇ ‘ನೀನು’ ಅನ್ನುತ್ತಾನೆ, ಶೋಭಾ ‘ನೀವು’. ಯಾವಾಗ ‘ನೀನು’ಗೆ ಇಳಿಯಬೇಕು ಎಂಬುದು ಆಡುವವರ ಆಯ್ಕೆ, ಎಲ್ಲರೆದುರು ಹಾಗನ್ನುವುದು ಇನ್ನೊಂದು ಆಯ್ಕೆ. ಸರ್ವನಾಮವನ್ನಷ್ಟೇ ಬದಲಿಸುವ ಮ್ಯಾಕ್ರೋ ಸಾಲದು, ಕ್ರಿಯಾಪದವೂ ಬದಲಾಗುತ್ತದೆ: ಬಾ, ಬನ್ನಿ, ಹೇಳ್ದೆ, ಹೇಳಿದ್ರಿ. ಅಂಥ ಪ್ರತಿ ಸಾಲನ್ನೂ ಎರಡೆರಡು ಸಲ ಪೂರ್ತಿ ಬರೆಯುವುದೇ ವಾಸಿ.

ಹಿಂದಕ್ಕೆ ಹೋಗುವ ಬಟನ್ನನ್ನು ತೆಗೆದಿದ್ದೇನೆ; ಶುಗರ್‌ಕ್ಯೂಬ್ ಸೆಟ್ಟಿಂಗಿನಲ್ಲಿ ಹಿಸ್ಟರಿ ಕಂಟ್ರೋಲ್ಸ್ ಆಫ್, ಮ್ಯಾಕ್ಸ್ ಸ್ಟೇಟ್ಸ್ 1. ಸೇವ್ ಉಳಿದಿದೆ. ಒತ್ತಾಯದ ದೃಶ್ಯ ಬರುವ ಮೊದಲು ಒಂದು ಎಚ್ಚರಿಕೆಯ ಸಾಲು, ನೇರ ಮುಂದಿನ ಅಧ್ಯಾಯಕ್ಕೆ ಹಾರುವ ಲಿಂಕ್ ಇದೆ. ಶೋಭಾಗೆ ಇಲ್ಲದ ದಾರಿ ಆಡುವವರಿಗಾದರೂ ಇರಲೇಬೇಕು.

ನನಗೆ ಅತಿ ಮುಖ್ಯವೆನಿಸುವುದು ಹಳೆಯ ‘ಹೂಂ’ಗಳ ಲೆಕ್ಕ. ಪ್ರತಿ ಒಪ್ಪಿಗೆಯನ್ನೂ ಆ ಕ್ಷಣದ ಹಂಗಿನ ಜೊತೆ ಒಂದು ಅರೇಗೆ (ಸಾಲುಸಾಲಾಗಿ ನೆನಪಿಡುವ ವೇರಿಯಬಲ್‌ಗೆ) ಸೇರಿಸುತ್ತೇನೆ. ಕೊನೆಯ ಅಧ್ಯಾಯದಲ್ಲಿ ಕಿರಣ ಮದುವೆಯ ಮಾತೆತ್ತಿದಾಗ ಹಂಗು 3ಕ್ಕಿಂತ ಕಡಿಮೆ ಇದ್ದಾಗ ಕೊಟ್ಟ ಒಪ್ಪಿಗೆಗಳು ಮಾತ್ರ ಎಣಿಕೆಗೆ ಬರುತ್ತವೆ. ಒಂದೂ ಇಲ್ಲದಿದ್ದರೆ, ಒಲವು 10 ಇದ್ದರೂ, ಶೋಭಾ ಉತ್ತರ ಕೊಡುವುದಿಲ್ಲ. ಮೊದಲು ಪಟ್ಟಿ ಕೇಳುತ್ತಾಳೆ, ಬಾಕಿಯ ಸಾಲು ಓದುತ್ತಾಳೆ, ಆಮೇಲೆ ಆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳು ಎನ್ನುತ್ತಾಳೆ. ಪರೀಕ್ಷೆ ಮಾಡುವಾಗ ಎಲ್ಲಕ್ಕೂ ‘ಹೂಂ’ ಎಂದು ಒಂದು ಆಟ, ಎಲ್ಲಕ್ಕೂ ‘ಬೇಡ’ ಎಂದು ಇನ್ನೊಂದು ಆಟ ಕೊನೆತನಕ ಆಡಿ, ಎರಡರಲ್ಲೂ ಈ ದೃಶ್ಯಕ್ಕೆ ತಲುಪುತ್ತೀರಾ ನೋಡಿಕೊಳ್ಳಿ.