27 ಅಡಿ ಬೋಟಿನಲ್ಲಿ ಮೂರನೇ ಚಳಿಗಾಲ: ಹೀಟರ್ ದೊಡ್ಡದಾಗಬೇಕಿರಲಿಲ್ಲ, ಗಾಳಿ ಬೇಕಿತ್ತು

ಅಮೆರಿಕದ ಚೆಸಪೀಕ್ ಕೊಲ್ಲಿಯ ದಡದ ಅನಾಪೊಲಿಸ್‌ನಲ್ಲಿ, ಬ್ಯಾಕ್ ಕ್ರೀಕ್ ಎಂಬ ಹಿನ್ನೀರಿನಲ್ಲಿ, ಆಲ್ಬಿನ್ ವೇಗಾ ಎಂಬ ಹಾಯಿದೋಣಿಯೊಂದನ್ನು ಮನೆ ಮಾಡಿಕೊಳ್ಳುತ್ತೇನೆ ಎಂದಾಗ ಡಾಕಿನ ಹಳಬರು ಎರಡು ಮಾತು ಹೇಳಿದ್ದರು. ಚಳಿಗಾಲದಲ್ಲಿ ಒಳಗೆಲ್ಲ ಬೂಸ್ಟು ಹಿಡಿದು ಜನವರಿಗೆ ಬಿಟ್ಟು ಹೋಗ್ತೀಯ, ಇದು ಒಂದು. ಒಬ್ಬನೇ ಸ್ಲಿಪ್‌ಗೆ (ಡಾಕಿನಲ್ಲಿ ಬೋಟ್ ಕಟ್ಟುವ ಜಾಗಕ್ಕೆ) ತರೋಕೆ ಆಗಲ್ಲ, ಇದು ಎರಡನೆಯದು. ಮೊದಲ ಮಾತು ಒಂದು ಚಳಿಗಾಲದ ಮಟ್ಟಿಗೆ ನಿಜವೇ ಆಯಿತು. ಈಗ ಮೂರನೇ ಚಳಿಗಾಲ. ಹಾಸಿಗೆಯ ಅಡಿ ಕೈಯಿಟ್ಟರೆ ಒಣಗಿದೆ, ಅಕ್ಕಿ ಡಬ್ಬದ ಮುಚ್ಚಳಕ್ಕೆ ತುಕ್ಕಿಲ್ಲ. ಹೇಗೆ ಮಾಡಿದೆ ಎಂದು ಕೇಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಬೋಟಿನ ಗಟ್ಟಿತನದ ಬಗ್ಗೆ ನನಗೆ ಯಾವತ್ತೂ ಅನುಮಾನ ಇರಲಿಲ್ಲ. ಮ್ಯಾಟ್ ರದರ್‌ಫರ್ಡ್ ಎಂಬ ನಾವಿಕರು ಇದೇ ಮಾದರಿಯ ಬೋಟಿನಲ್ಲಿ 2011ರಲ್ಲಿ ಇದೇ ಕೊಲ್ಲಿಯಿಂದ ಹೊರಟು, ಉತ್ತರ ಮತ್ತು ದಕ್ಷಿಣ ಅಮೆರಿಕಗಳೆರಡನ್ನೂ ಒಬ್ಬರೇ, ಎಲ್ಲೂ ನಿಲ್ಲದೆ ಸುತ್ತಿ 309 ದಿನಕ್ಕೆ ವಾಪಸ್ ಬಂದರು. ಉದ್ದ 8.25 ಮೀಟರ್, ನೀರಿನೊಳಗೆ ಮುಳುಗುವ ಆಳ 1.17 ಮೀಟರ್. ಸರಾಸರಿ ಆರೂವರೆ ಮೀಟರ್ ಆಳವಷ್ಟೇ ಇರುವ ಚೆಸಪೀಕ್‌ಗೆ ಇದು ಹೇಳಿ ಮಾಡಿಸಿದ ಅಳತೆ. ಪ್ರಶ್ನೆ ಇದ್ದದ್ದು ಸಮುದ್ರದ್ದಲ್ಲ, ಸಂಸಾರದ್ದು.

ಮೊದಲು ದುಡ್ಡಿನ ಲೆಕ್ಕ. ಬೋಟಿಗೆ ಆರೂವರೆ ಸಾವಿರ ಡಾಲರ್. ರಿಪೇರಿಗೆ ಮೂರು ಸಾವಿರ ಸಾಕು ಅಂದುಕೊಂಡಿದ್ದು ಒಂಬತ್ತು ದಾಟಿತು. ಮಾಸ್ಟನ್ನು (ಹಾಯಿಕಂಬವನ್ನು) ಹಿಡಿದು ನಿಲ್ಲಿಸುವ ತಂತಿಗಳನ್ನು, ಅಂದರೆ ಸ್ಟ್ಯಾಂಡಿಂಗ್ ರಿಗ್ಗಿಂಗ್ ಪೂರ್ತಿ ಬದಲಾಯಿಸಿದ್ದು ಸುಮಾರು 1,800, ಅದೂ ಅಳತೆ ಕೊಟ್ಟು ತುದಿಗಳನ್ನು ಮಾಡಿಸಿಕೊಂಡು ನಾನೇ ಏರಿಸಿದ್ದರಿಂದ. ಮಾಸ್ಟ್ ಕೆಳಗಿನ ಅಡ್ಡತೊಲೆಗೆ 700 ಹತ್ತಿರ. ವೇಗಾ ಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನೇ. ಮಾಸ್ಟ್ ನಿಲ್ಲುವುದು ಡೆಕ್ ಮೇಲೆ, ಅದರ ಭಾರವೆಲ್ಲ ಒಳಗಿನ ಈ ತೊಲೆಯ ಮೇಲೆ. ತೊಲೆ ತಗ್ಗಿದ್ದರೆ ಒಳಬಾಗಿಲು ಚೌಕಟ್ಟಿಗೆ ಉಜ್ಜುತ್ತದೆ, ಮಾಸ್ಟಿನ ಬದಿಯ ತಂತಿಗಳಾದ ಶ್ರೌಡ್‌ಗಳನ್ನು ಎಷ್ಟು ಬಿಗಿ ಮಾಡಿದರೂ ವಾರದಲ್ಲಿ ಸಡಿಲ. ನಾನು ಮಾಡಿದ ತಪ್ಪು ಖರ್ಚಿನ ಕ್ರಮದಲ್ಲಿ. ಹೊಸ ಕುಶನ್ನು ಮೊದಲು ಹೊಲಿಸಿದೆ, ಡೆಕ್ ಸೋರಿಕೆ ಆಮೇಲೆ ನಿಲ್ಲಿಸಿದೆ. 600 ಡಾಲರಿನ ಕುಶನ್‌ಗಳಲ್ಲಿ ಎರಡನ್ನು ಎಸೆದೆ.

ಸೋರಿಕೆಗೆ ಮೇಲಿಂದ ಸಿಲಿಕೋನ್ ಬಳಿಯುವುದು ದುಡ್ಡು ದಂಡ. ಡೆಕ್ ಅಂಚಿನ ಕಂಬ (ಸ್ಟ್ಯಾಂಚನ್) ಆಗಲಿ ಹಗ್ಗ ಕಟ್ಟುವ ಕೊಂಡಿ (ಕ್ಲೀಟ್) ಆಗಲಿ, ಬಿಚ್ಚಲೇಬೇಕು. ಎರಡು ಫೈಬರ್ ಪದರಗಳ ನಡುವೆ ತಿರುಳಿರುವ ಸ್ಯಾಂಡ್‌ವಿಚ್ ಡೆಕ್ ಇದ್ದರೆ ತೂತನ್ನು ಬೋಲ್ಟಿನ ದುಪ್ಪಟ್ಟು ಅಗಲ ಮಾಡಿ, ಬಾಗಿಸಿದ ಮೊಳೆಯನ್ನು ಡ್ರಿಲ್‌ಗೆ ಹಾಕಿ ಒಳಗಿನ ತಿರುಳನ್ನು ಸುತ್ತಲೂ ಅರ್ಧ ಇಂಚು ಕೆರೆದು ತೆಗೆಯಿರಿ. ಕೆಳಗಿಂದ ಟೇಪ್ ಹಚ್ಚಿ ಮೊದಲು ತೆಳು ಎಪಾಕ್ಸಿ, ಅದು ಹೀರಿದ ಮೇಲೆ ಪುಡಿ ಕಲಸಿದ ದಪ್ಪ ಎಪಾಕ್ಸಿ. ಗಟ್ಟಿಯಾದ ಮೇಲೆ ಮತ್ತೆ ತೂತು ಕೊರೆದು, ಬಾಯಿಯನ್ನು ಸ್ವಲ್ಪ ಅಗಲಿಸಿ, ಅಂಟುರಬ್ಬರಿನಂಥ ಬ್ಯೂಟೈಲ್ ಟೇಪನ್ನು ಬೋಲ್ಟಿನ ತಲೆಯಡಿ ಜಿಲೇಬಿಯಂತೆ ಸುತ್ತಿ ಕೂರಿಸಿ. ಒಂದೇ ಸಲ ಪೂರ್ತಿ ಬಿಗಿ ಮಾಡಬೇಡಿ. ಮೂರು ದಿನ, ದಿನಕ್ಕೆ ಅರ್ಧ ಸುತ್ತು. ಬೋಲ್ಟ್ ತಿರುಗಬಾರದು, ಕೆಳಗಿನ ನಟ್ ಮಾತ್ರ ತಿರುಗಬೇಕು. ಬೋಲ್ಟ್ ತಿರುಗಿದರೆ ಟೇಪ್ ಹರಿದು ಮಾಡಿದ ಕೆಲಸವೆಲ್ಲ ವ್ಯರ್ಥ. ನನ್ನ ಬೋಟಿನಲ್ಲಿ ಇಂಥ ತೂತು ನಲವತ್ತರ ಮೇಲಿದ್ದವು.

ಇನ್ನು ತೇವ. ಮೊದಲ ಚಳಿಗಾಲ 1,500 ವಾಟಿನ ಎರಡು ಎಲೆಕ್ಟ್ರಿಕ್ ಹೀಟರ್ ಇಟ್ಟಿದ್ದೆ. ಒಂದೊಂದಕ್ಕೆ 12.5 ಆಂಪ್, ಎರಡಕ್ಕೆ 25. ಡಾಕಿನ 30 ಆಂಪ್ ಲೈನಿನಿಂದ ಬಿಡದೆ ಎಳೆಯಬಹುದಾದದ್ದು 24. ಒಂದೇ ಆಂಪ್ ಜಾಸ್ತಿ ಅಂತ ಹಾಗೇ ಬಿಟ್ಟೆ; ಬೋಟಿನ ಬದಿಯ ಪ್ಲಗ್ಗಿನ ಒಂದು ಪಿನ್ ಸಡಿಲವಿದ್ದು ಬಿಸಿಯಾಗಿ ಪ್ಲಾಸ್ಟಿಕ್ ಕಂದಿತು. ಪ್ಲಗ್ ಮುಟ್ಟಿ ನೋಡುವುದು ಆಗಿನಿಂದ ದಿನಚರಿ. ಕೈಗೆ ಬೆಚ್ಚಗೆ ತಾಕಿದರೂ ಒಂದು ಹೀಟರ್ ಆರಿಸಬೇಕು. ಅಷ್ಟು ಕರೆಂಟ್ ಸುರಿದರೂ ಬೆಳಗ್ಗೆ ಕಿಟಕಿಯಿಂದ ನೀರು ಇಳಿಯುತ್ತಿತ್ತು.

ಯಾಕೆ ಎಂದರೆ, ಕೊಲ್ಲಿಯ ನೀರು ಜನವರಿಯಲ್ಲಿ ಮೂರು ನಾಲ್ಕು ಡಿಗ್ರಿ. ನೀರಿನ ಮಟ್ಟದ ಕೆಳಗಿನ ಫೈಬರ್ ಮೈಯೂ ಅಷ್ಟೇ ತಣ್ಣಗೆ. ಒಬ್ಬ ಮನುಷ್ಯ ಮಲಗಿದ್ದಾಗ ಉಸಿರು ಬೆವರು ಸೇರಿ ಗಂಟೆಗೆ ನಲವತ್ತು ಐವತ್ತು ಗ್ರಾಂ ನೀರು ಬಿಡುತ್ತಾನೆ. ಅದರ ಮೇಲೆ ಒಲೆ. ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಾವಿ, ಒಂದು ಕಿಲೋ ಆಲ್ಕೋಹಾಲ್ ಉರಿದರೆ 1.2 ಕಿಲೋ. ಆಲ್ಕೋಹಾಲ್ ವಾಸಿ ಎನಿಸುತ್ತದೆ, ಆದರೆ ಅದರ ಶಾಖ ಕಡಿಮೆ. ಅದೇ ಅಡುಗೆಗೆ ಲೆಕ್ಕ ಹಾಕಿದರೆ ಆಲ್ಕೋಹಾಲೇ ಜಾಸ್ತಿ ತೇವ ಬಿಡುತ್ತದೆ. ಬಾಗಿಲು ಮುಚ್ಚಿ ಹೀಟರ್ ಜೋರು ಮಾಡಿದರೆ ಈ ನೀರೆಲ್ಲ ಒಳಗೇ ಸುತ್ತಿ ತಣ್ಣಗಿನ ಮೂಲೆಯಲ್ಲಿ ಇಳಿಯುತ್ತದೆ. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಗಳನ್ನು ಇಟ್ಟು ನೋಡಿದೆ: ನಾಲ್ಕು ಡಬ್ಬ, ವಾರಕ್ಕೆ ಹತ್ತಿರ ಹತ್ತಿರ ಒಂದು ಲೀಟರ್. ಎರಡು ಮೂರು ರಾತ್ರಿಯ ಉಸಿರಿಗೇ ಅದು ಮುಗಿಯಿತು. ಕಂಪ್ರೆಸರ್ ಇರುವ, ಗಾಳಿಯ ತೇವ ತೆಗೆಯುವ ಯಂತ್ರ (ಡಿಹ್ಯೂಮಿಡಿಫೈಯರ್) ತಣ್ಣನೆ ಬೋಟಿನಲ್ಲಿ ಹಿಮ ಕಟ್ಟಿಕೊಂಡು ಕೂರುತ್ತದೆ. ತೇವ ಹೀರುವ ವಸ್ತುವಿನ ಡೆಸಿಕೆಂಟ್ ಮಾದರಿ ಕೆಲಸ ಮಾಡಿತು, ಅದರ ಶಾಖವೂ ಒಳಗೇ ಸಿಗುತ್ತದೆ. ಆದರೆ ಡಾಕಿನ ಕರೆಂಟ್ ಇಲ್ಲದೆ ಅದು ಇಲ್ಲ.

ಕೊನೆಗೆ ಕೆಲಸ ಮಾಡಿದ್ದು 2 ಕಿಲೋವಾಟಿನ ಡೀಸೆಲ್ ಹೀಟರ್. ಹೀಟರಿಗಿಂತ ಮುಖ್ಯ ಅದು ಗಾಳಿಯನ್ನು ಎಲ್ಲಿಂದ ಎಳೆಯುತ್ತದೆ ಎನ್ನುವುದು. ಎಲ್ಲರೂ ಕ್ಯಾಬಿನ್ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುತ್ತಾರೆ, ಡೀಸೆಲ್ ಉಳಿಯಲಿ ಅಂತ. ನಾನು ಪೂರ್ತಿ ಹೊರಗಿನ ಗಾಳಿ ಕೊಟ್ಟೆ. ಸೊನ್ನೆ ಡಿಗ್ರಿಯ ಗಾಳಿ ಎಷ್ಟೇ ಮಂಜಿದ್ದರೂ ಘನ ಮೀಟರಿಗೆ ಐದು ಗ್ರಾಂ ನೀರಿನ ಮೇಲೆ ಹಿಡಿಯಲಾರದು. ಅದನ್ನೇ 20 ಡಿಗ್ರಿಗೆ ಕಾಯಿಸಿದರೆ ಹದಿನೇಳು ಗ್ರಾಂ ಹಿಡಿಯುವ ಶಕ್ತಿ ಬರುತ್ತದೆ. ಅಂದರೆ ಒಳಗೆ ಬರುವ ಗಾಳಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಬಾಯಾರಿಕೊಂಡೇ ಬರುತ್ತದೆ. ಉಸಿರು, ಒಲೆ, ಒದ್ದೆ ಜಾಕೆಟ್ ಎಲ್ಲದರ ತೇವ ಹೀರಿಕೊಂಡು ಮುಂದಿನ ವೆಂಟಿನಿಂದ ಹೊರಗೆ. ಮಳೆ ಬಂದರೂ ಇದು ನಡೆಯುತ್ತದೆ. ಡೀಸೆಲ್ ದಿನಕ್ಕೆ ಎರಡೂವರೆ ಮೂರು ಲೀಟರ್, ತಿಂಗಳಿಗೆ ಸುಮಾರು ನೂರು ಡಾಲರ್. ಮೊದಲ ವರ್ಷದ ಕರೆಂಟ್ ಬಿಲ್ಲಿಗಿಂತ ಇದು ಕಡಿಮೆ. ಕ್ಯಾಬಿನ್‌ನ ತೇವಾಂಶ ಶೇಕಡಾ 80ರ ಮೇಲಿದ್ದದ್ದು ಈಗ 45ರಿಂದ 55.

ಜೋಡಿಸುವಾಗ ಎಡವುವ ಜಾಗಗಳು ಕೆಲವಿವೆ. ಕ್ಯಾಬಿನ್‌ಗೆ ಹೋಗುವ ಗಾಳಿಯನ್ನು ಎಂಜಿನ್ ಕೋಣೆಯಿಂದಾಗಲಿ, ಎಕ್ಸಾಸ್ಟ್ ಪೈಪ್ ಹಾದುಹೋಗುವ ಲಾಕರಿನಿಂದಾಗಲಿ ಎಳೆಯಲೇಬಾರದು. ಒಂದು ಸಡಿಲ ಕೀಲು ಸಾಕು, ಕಾರ್ಬನ್ ಮೊನಾಕ್ಸೈಡ್ ಹಾಸಿಗೆಗೇ ಬರುತ್ತದೆ. ನನ್ನ ಎಕ್ಸಾಸ್ಟ್ ಹಿಂಬದಿಯ ಚಪ್ಪಟೆ ಗೋಡೆಯಲ್ಲಿ (ಟ್ರಾನ್ಸಮ್), ಗಾಳಿಯ ಬಾಯಿ ಚುಕ್ಕಾಣಿ ಹಿಡಿದು ಕೂರುವ ತೆರೆದ ಜಾಗವಾದ ಕಾಕ್‌ಪಿಟ್ಟಿನ ಮುಂಭಾಗದಲ್ಲಿ. ಇಲ್ಲಿ ಚಳಿಗಾಲದ ಜೋರು ಗಾಳಿ ವಾಯವ್ಯದಿಂದ, ಹಾಗಾಗಿ ಹೊಗೆ ಹಿಂದಕ್ಕೇ ಹೋಗಲಿ ಅಂತ ಮೂತಿ ವಾಯವ್ಯಕ್ಕಿರುವ ಸ್ಲಿಪ್ ಕೇಳಿ ಪಡೆದೆ. ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಎರಡು, ಒಂದು ತಲೆಯ ಹತ್ತಿರ. ಹೀಟರಿನ ಜೊತೆ ಬರುವ ವೈರ್ ಸಣ್ಣದು. ಹೊತ್ತಿಸುವ ಪ್ಲಗ್ ಎಂಟು ಹತ್ತು ಆಂಪ್ ಎಳೆದಾಗ ವೋಲ್ಟೇಜ್ ಬಿದ್ದು ಯಂತ್ರ ತಪ್ಪು ತೋರಿಸಿ ನಿಲ್ಲುತ್ತದೆ, ಜನ ಹೀಟರ್ ಕೆಟ್ಟಿದೆ ಅಂತ ಬೈದು ವಾಪಸ್ ಕಳಿಸುತ್ತಾರೆ. 6 ಚದರ ಮಿಲಿಮೀಟರ್ ವೈರ್ ಎಳೆದ ದಿನವೇ ನನ್ನದು ಸರಿಹೋಯಿತು. ಸದಾ ಸಣ್ಣ ಉರಿಯಲ್ಲಿ ಓಡಿಸಿದರೆ ಮಸಿ ಕಟ್ಟುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷ ಪೂರ್ತಿ ಜೋರು. ಮುಂದಿನ ವೆಂಟ್ ಗಾಳಿ ಯಾವ ಕಡೆಯಿಂದ ಬೀಸಿದರೂ ಹೊರಕ್ಕೇ ಎಳೆಯಬೇಕು, ನೀರು ಒಳಗೆ ಬಿಡಬಾರದು. ಅದಕ್ಕೊಂದು ಆಕಾರ ಕಂಡುಕೊಂಡಿದ್ದೇನೆ. ಇನ್ನೂ ತಿದ್ದುತ್ತಿರುವುದರಿಂದ ಅದನ್ನು ಸದ್ಯ ಹೇಳುವುದಿಲ್ಲ.

ಮಲಗುವ ಕಡೆ ಬೋಟಿನ ಮೈಗೆ 12 ಮಿಲಿಮೀಟರ್ ಕ್ಲೋಸ್ಡ್ ಸೆಲ್ ಫೋಮ್. ಮೊದಲು ಬೆಳ್ಳಿ ಹಾಳೆಯ ಬಬಲ್ ಶೀಟ್ ಸಿಕ್ಕಿಸಿದ್ದೆ. ಹಿಂದೆ ಸಂದು ಉಳಿದು ಅಲ್ಲೇ ಕರಿ ಬೂಸ್ಟು ಬೆಳೆಯಿತು. ಅಂಟು ಪೂರ್ತಿ ಹರಡಬೇಕು, ಅಂಚುಗಳಿಗೆ ಟೇಪ್ ಬೇಕು, ಒಳಗಾಳಿ ಫೋಮಿನ ಹಿಂದೆ ಹೋಗಲೇಬಾರದು. ಹಾಸಿಗೆಯ ಅಡಿ ಬೆರಳು ದಪ್ಪದ ಪಟ್ಟಿಗಳು, ಹೀಟರಿನ ಒಂದು ಸಣ್ಣ ಕೊಳವೆಯನ್ನು ಅದರ ಅಡಿಗೇ ಬಿಟ್ಟಿದ್ದೇನೆ.

ಅಡುಗೆಯಲ್ಲಿ ನಮ್ಮ ಕುಕ್ಕರ್‌ನಷ್ಟು ಒಳ್ಳೆಯ ಬೋಟ್ ಪಾತ್ರೆ ಇನ್ನೊಂದಿಲ್ಲ. ಬೋಟ್ ಓಲಾಡಿದರೂ ಬೇಳೆ ಚೆಲ್ಲದು. ಮೂರು ಲೀಟರಿನದು ಸಾಕು. ತೊಗರಿಬೇಳೆ ಒಂದು ಗಂಟೆ ನೆನೆಸಿ, ಒಂದು ಕೂಗಿಗೆ ಇಳಿಸಿ, ಕಂಬಳಿ ಸುತ್ತಿ ಅರ್ಧ ಗಂಟೆ ಇಟ್ಟರೆ ಬೆಣ್ಣೆಯಂತೆ ಬೆಂದಿರುತ್ತದೆ. ವಾರಕ್ಕೆ ಒಂದೂಕಾಲು ಲೀಟರ್ ಆಲ್ಕೋಹಾಲ್ ಕುಡಿಯುತ್ತಿದ್ದ ಒಲೆ ಆರುನೂರು ಮಿಲಿಲೀಟರಿಗೆ ಇಳಿಯಿತು, ಆವಿಯೂ ಅರ್ಧವಾಯಿತು. ಇಡ್ಲಿ ಚಳಿಗಾಲದಲ್ಲಿ ಇಲ್ಲ. ಹನ್ನೆರಡು ನಿಮಿಷದ ಹಬೆ ಚಾವಣಿಯ ಕಿಂಡಿಬಾಗಿಲಾದ ಹ್ಯಾಚ್‌ನಿಂದ ತಲೆ ಮೇಲೆ ತೊಟ್ಟಿಕ್ಕುತ್ತದೆ. ದೋಸೆಗೆ ಅಡ್ಡಿಯಿಲ್ಲ. ಹೀಟರ್ ಕೊಳವೆಯಿಂದ ಒಂದು ಮೊಳ ದೂರದಲ್ಲಿಟ್ಟರೆ ಹೊರಗೆ ಹಿಮವಿದ್ದರೂ ಹತ್ತು ತಾಸಿಗೆ ಹಿಟ್ಟು ಉಬ್ಬಿ ಬರುತ್ತದೆ. ಹತ್ತಿರವಿಟ್ಟರೆ ಒಂದು ಬದಿ ಬೇಯುತ್ತದೆ.

ಫ್ರಿಜ್ ತೆಗೆದುಹಾಕಿದೆ. ಅವಲಕ್ಕಿ, ರವೆ, ಹೆಸರುಬೇಳೆ, ಹುಳಿಪುಡಿ, ಉಪ್ಪಿನಕಾಯಿ ಇರುವ ಮನೆಗೆ ಚಳಿಗಾಲದಲ್ಲಿ ಬೋಟಿನ ತಳದ ತಣ್ಣನೆ ಗುಂಡಿ (ಬಿಲ್ಜ್) ಸಾಕು. ಟಾಯ್ಲೆಟ್ಟಿಗೆ ನೀರಿಲ್ಲದ ಬಗೆ: ದ್ರವ ಬೇರೆ, ಘನ ಬೇರೆ, ಮಧ್ಯೆ ತೆಂಗಿನ ನಾರಿನ ಪುಡಿ. ಆ ನಾರಿನ ಇಟ್ಟಿಗೆಯ ಮೂರನೇ ಒಂದು ಭಾಗ ಒಡೆದು, ಒಂದೇ ಲೋಟ ನೀರು ಚಿಮುಕಿಸಿ. ಚೀಟಿಯಲ್ಲಿ ಬರೆದಷ್ಟು ನೀರು ಹಾಕಿದರೆ ಕೆಸರಾಗಿ ನೊಣ ಬರುತ್ತದೆ. ಬ್ಯಾಟರಿ 100 ಆಂಪ್ ಅವರ್‌ನ ಲಿಥಿಯಂ. ಕಾಕ್‌ಪಿಟ್ ಲಾಕರಿನಲ್ಲಿಟ್ಟಾಗ ತಾಪಮಾನ ಸೊನ್ನೆಗಿಂತ ಕೆಳಗಿಳಿದು ಅದನ್ನು ಕಾಯುವ ಸರ್ಕ್ಯೂಟ್ (ಬಿಎಂಎಸ್) ಚಾರ್ಜ್ ಆಗಲು ಬಿಡಲಿಲ್ಲ. ಮಂಚದ ಅಡಿಗೆ ತಂದೆ, ಮುಗಿಯಿತು. ಎಂಜಿನ್ನಿನ ಆಲ್ಟರ್ನೇಟರಿಗೆ ನೇರ ಕಟ್ಟಬೇಡಿ, ಆಲ್ಟರ್ನೇಟರೇ ಸುಟ್ಟುಹೋಗಬಹುದು. ನಡುವೆ ಡಿಸಿ-ಡಿಸಿ ಚಾರ್ಜರ್ ಇರಲಿ.

ಎರಡನೇ ಅನುಮಾನ, ಒಬ್ಬನೇ ಸ್ಲಿಪ್‌ಗೆ ತರುವುದು. ನಾಲ್ಕು ಹಗ್ಗ ಹಿಡಿದು ಓಡಾಡಿದರೆ ಆಗದು, ಒಂದೇ ಹಗ್ಗ ಸಾಕು. ಬೋಟಿನ ಮಧ್ಯೆ ಕ್ಲೀಟ್ ಇರಲಿಲ್ಲವಾದ್ದರಿಂದ ಮುಂದಿನ ಹಾಯಿಯ ಹಗ್ಗಕ್ಕೆಂದು ಬದಿಯಲ್ಲಿರುವ ಹಳಿಯ (ಜೆನೋವಾ ಟ್ರ್ಯಾಕ್) ಮೇಲೆ ಪಕ್ಕ ತೆರೆಯುವ ರಾಟೆ (ಸ್ನ್ಯಾಚ್ ಬ್ಲಾಕ್) ಕೂರಿಸಿದೆ. ಅದರ ಮೂಲಕ ಹಾಯುವ 12 ಮಿಲಿಮೀಟರ್ ನೈಲಾನ್ ಹಗ್ಗದ ಒಂದು ತುದಿ ಹಗ್ಗ ಬಿಗಿಯುವ ಕಾಕ್‌ಪಿಟ್ ವಿಂಚಿಗೆ, ಇನ್ನೊಂದು ತುದಿಯಲ್ಲಿ ಕುಣಿಕೆ. ಕುಣಿಕೆ ಬಾಯಿ ತೆರೆದೇ ಇರಲಿ ಅಂತ ಗಾರ್ಡನ್ ಪೈಪಿನ ತುಂಡು ತೂರಿಸಿದ್ದೇನೆ. ಹೊರಗಿನ ಗೂಟ ದಾಟುವಾಗಲೇ ಗೇರ್ ನ್ಯೂಟ್ರಲ್, ವೇಗ ಒಂದು ನಾಟ್‌ಗಿಂತ ಕಡಿಮೆ. ಸ್ಲಿಪ್ ಪಕ್ಕದ ಕಿರುಕಟ್ಟೆಯಾದ ಫಿಂಗರ್ ಪಿಯರ್‌ನ ಹೊರತುದಿಯ ಕ್ಲೀಟಿಗೆ ಬೋಟ್ ಹುಕ್ಕಿನಿಂದ ಕುಣಿಕೆ ಇಳಿಸಿ, ಬಿಳಿ ದಾರ ಸುತ್ತಿದ ಗುರುತಿನವರೆಗೆ ಹಗ್ಗ ಎಳೆದು, ವಿಂಚಿಗೆ ಬಿಗಿದು, ಗೇರ್ ಮುಂದಕ್ಕೆ, ಎಂಜಿನ್ ಐಡಲ್, ಚುಕ್ಕಾಣಿಯ ಹಿಡಿಯನ್ನು (ಟಿಲ್ಲರ್) ಪಿಯರ್ ಕಡೆಗೆ ತಳ್ಳಿ ಕಟ್ಟಿಬಿಡುತ್ತೇನೆ. ಹಗ್ಗ ಮೂತಿಯನ್ನು ಒಳಗೆಳೆಯುತ್ತದೆ, ಚುಕ್ಕಾಣಿ ಹಿಂಬದಿಯನ್ನು ಒಳಗೆ ತಳ್ಳುತ್ತದೆ, ಬೋಟ್ ಪಿಯರಿಗೆ ಒರಗಿ ನಿಲ್ಲುತ್ತದೆ. ಆಮೇಲೆ ಇಳಿದು ಉಳಿದ ಹಗ್ಗಗಳನ್ನು ನಿಧಾನವಾಗಿ ಕಟ್ಟಿದರಾಯಿತು. ಪಿಯರಿನಿಂದ ಆಚೆ ದೂಡುವ 15 ನಾಟ್ ಗಾಳಿಗೆ ಎಂಜಿನ್ 1,400 ಸುತ್ತಿನ ಆಸುಪಾಸು ಬೇಕಾಗುತ್ತದೆ.

ಗುಟ್ಟೆಲ್ಲ ಬ್ಲಾಕ್ ಕೂರುವ ಜಾಗದಲ್ಲಿದೆ. ತೀರ ಮುಂದಿದ್ದರೆ ಮೂತಿ ಪಿಯರಿಗೆ ಗುದ್ದಿ ಹಿಂಬದಿ ಆಚೆ ತೆರೆದುಕೊಳ್ಳುತ್ತದೆ, ತೀರ ಹಿಂದಿದ್ದರೆ ಮೂತಿ ಪಕ್ಕದವರ ಬೋಟಿನ ಕಡೆ ಹೋಗುತ್ತದೆ. ಗಾಳಿಯಿಲ್ಲದ ಬೆಳಗ್ಗೆ ಗೇಣು ಗೇಣು ಸರಿಸಿ ನೋಡಿ ಜಾಗ ಗುರುತು ಮಾಡಿಕೊಳ್ಳಿ. ನನ್ನದು ಅಗಲ ಹೆಚ್ಚಿರುವಲ್ಲಿಂದ ಒಂದು ಗೇಣು ಹಿಂದೆ ಬಂತು. ವೇಗಾದ ಹಳೆಯ ಕಾಂಬಿ ಪ್ರೊಪೆಲ್ಲರ್ ಇದ್ದವರಿಗೆ ಇನ್ನೊಂದು ಮಾತು. ಅದರ ಅಕ್ಷ ಯಾವಾಗಲೂ ಒಂದೇ ಕಡೆ ತಿರುಗುತ್ತದೆ, ಹಿಂದಕ್ಕೆ ಹೋಗಲು ಎಲೆಗಳ ಕೋನ ಮಾತ್ರ ಬದಲಾಗುತ್ತದೆ. ಹಾಗಾಗಿ ರಿವರ್ಸ್‌ನಲ್ಲಿ ಹಿಂಬದಿ ಯಾವ ಕಡೆ ಎಳೆಯುತ್ತದೆ ಎಂಬ ಸಾಮಾನ್ಯ ಲೆಕ್ಕ ಇದಕ್ಕೆ ನಡೆಯದು. ಸ್ಲಿಪ್‌ನಲ್ಲಿ ಕಟ್ಟಿಕೊಂಡೇ ರಿವರ್ಸ್ ಹಾಕಿ, ನೊರೆ ಯಾವ ಬದಿಗೆ ಬರುತ್ತದೆ ನೋಡಿ. ಹಿಂಬದಿ ಹೋಗುವುದು ಅದರ ಎದುರು ಬದಿಗೆ.

ಲಂಗರಿನಲ್ಲಿ ನಾನು ಜಾರಿದ್ದು ಒಂದೇ ಕಾರಣಕ್ಕೆ: ಆಳಕ್ಕೆ ಮೂತಿಯ ಎತ್ತರ ಸೇರಿಸಲಿಲ್ಲ. ಎಂಟು ಅಡಿ ನೀರಿಗೆ ಏಳು ಪಟ್ಟು ಅಂದರೆ 56 ಅಡಿ ಹಗ್ಗ ಬಿಟ್ಟೆ. ಮೂತಿಯ ಮೂರೂವರೆ ಅಡಿ ಸೇರಿಸಿದರೆ ಅದು ಐದು ಪಟ್ಟೂ ಇಲ್ಲ. ಬಿಡಬೇಕಿದ್ದದ್ದು 80. ಇಲ್ಲಿನ ಕೆಸರು ಬೆಣ್ಣೆಯಂತೆ ಮೆತ್ತಗೆ. ಫೋರ್ಟ್ರೆಸ್ ಕಂಪನಿಯ ಲಂಗರಿನ ಅಲಗುಗಳನ್ನು 32ರ ಬದಲು 45 ಡಿಗ್ರಿ ಕೋನಕ್ಕೆ ಜೋಡಿಸಿ, ಇಳಿಸಿದ ಮೇಲೆ ಹತ್ತು ನಿಮಿಷ ಸುಮ್ಮನೆ ಬಿಟ್ಟು, ಆಮೇಲೆ ಎಂಜಿನ್ ಹಿಂದಕ್ಕೆ ಹಾಕಿ ಎಳೆಯುತ್ತೇನೆ. ತಕ್ಷಣ ಎಳೆದರೆ ಕೆಸರಿನ ಮೇಲ್ಪದರದಲ್ಲೇ ಜಾರಿಕೊಂಡು ಬರುತ್ತದೆ.

ಸ್ಲಿಪ್‌ನಲ್ಲಿರುವಾಗಲೂ ವಾಯವ್ಯ ಗಾಳಿ ಎರಡು ದಿನ ಬಿಡದೆ ಬೀಸಿದರೆ ಕ್ರೀಕಿನ ನೀರು ಹೊರಗೆ ಹೋಗುತ್ತದೆ. ಇಲ್ಲಿ ಭರತ ಇಳಿತ ಒಂದು ಅಡಿಯಷ್ಟೇ, ಗಾಳಿ ಖಾಲಿ ಮಾಡುವುದು ಅದರ ಎರಡರಷ್ಟು. ಹಗ್ಗಗಳನ್ನು ಹತ್ತಿರದ ಗೂಟಕ್ಕೆ ಚಿಕ್ಕದಾಗಿ ಕಟ್ಟಿದವರ ಬೋಟ್ ಅಂಥ ರಾತ್ರಿ ಕ್ಲೀಟಿನಿಂದ ನೇತಾಡುತ್ತದೆ. ನಾನು ಹಿಂದಿನ ಹಗ್ಗಗಳನ್ನು ಅಡ್ಡಡ್ಡ ದಾಟಿಸಿ ಎದುರು ಬದಿಯ ಗೂಟಕ್ಕೆ ಕಟ್ಟುತ್ತೇನೆ. ಉದ್ದ ಸಿಗುವುದರಿಂದ ಎರಡು ಅಡಿ ಏರಿಳಿದರೂ ಎದ್ದು ತಿದ್ದುವ ಕೆಲಸವಿಲ್ಲ. ಗೂಟಕ್ಕೆ ಉಜ್ಜುವ ಜಾಗದಲ್ಲಿ ಹಳೆ ಫೈರ್ ಹೋಸಿನ ತುಂಡು ಹೊಲಿದಿದ್ದೇನೆ. ಎರಡು ಚಳಿಗಾಲ ಬಾಳಿದೆ.